ಹೊಟ್ಟೆ ಕೆತ್ತಿದ ಬಿಲ್ಲಿನ ಮೇಲಿನ ದೂರು

ಯುರೋಪು, ಅಮೆರಿಕಗಳಲ್ಲಿ ಇವತ್ತಿಗೂ ಕೈಯಲ್ಲೇ ಮರದ ಬಿಲ್ಲು ಕೆತ್ತುವವರಿದ್ದಾರೆ. ಕೆಲವರಿಗೆ ಅದು ಬೇಟೆಯ ಸಾಧನ, ಹಲವರಿಗೆ ಬಿಡುವಿನ ಹುಚ್ಚು. ಬಳಗ ಚಿಕ್ಕದು, ಅದರೊಳಗಿನ ಮಡಿ ಮಾತ್ರ ದೊಡ್ಡದು. ಯಾವ ಮರ ಶ್ರೇಷ್ಠ, ಯಾವ ಆಕಾರ ಸರಿ, ಯಾವುದು ಮೈಲಿಗೆ ಎಂಬುದಕ್ಕೆಲ್ಲ ಅಲ್ಲಿ ಬರೆಯದ ಶಾಸ್ತ್ರವಿದೆ. ಆ ಶಾಸ್ತ್ರ ಪಂಕ್ತಿಯಿಂದ ಆಚೆ ಕೂರಿಸುವ ಬಿಲ್ಲು ಒಂದಿದೆ: ಮಣಿಕಟ್ಟಿನ ದಪ್ಪದ ಎಳೆಮರವನ್ನು ಸೀಳಿ, ಒಳಮೈಯಲ್ಲಿ ಉದ್ದಕ್ಕೂ ತಗ್ಗು ತೋಡಿ, ತೋಳುಗಳನ್ನು ಟೊಳ್ಳು ಮಾಡಿದ ಬಿಲ್ಲು.

ಜಗಳಕ್ಕೆ ಇಳಿಯುವ ಮುನ್ನ ಬಿಲ್ಲಿನ ಮೈಯನ್ನು ಒಮ್ಮೆ ನೋಡಿಕೊಳ್ಳಬೇಕು. ಬಾಣ ಬಿಡುವವನ ಮುಖದ ಕಡೆಗಿರುವುದು ಹೊಟ್ಟೆ, ಗುರಿಯ ಕಡೆಗಿರುವುದು ಬೆನ್ನು. ನಡುವಿನ ಹಿಡಿಯಿಂದ ಮೇಲಕ್ಕೊಂದು, ಕೆಳಕ್ಕೊಂದು ತೋಳು. ತುದಿಗಳಲ್ಲಿ ಹೆದೆ ಸಿಕ್ಕಿಸುವ ಕೊಪ್ಪು. ಬಿಲ್ಲೆಳೆದಾಗ ಬೆನ್ನಿನ ಎಳೆಗಳು ಹಿಗ್ಗುತ್ತವೆ, ಹೊಟ್ಟೆಯವು ಕುಗ್ಗುತ್ತವೆ. ಎರಡರ ನಡುವೆ ಎಲ್ಲೋ ಒಂದು ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬಿಲ್ಲಿನ ತಕರಾರುಗಳೆಲ್ಲ ಕೊನೆಗೆ ಆ ನಡುಪದರ ಎಲ್ಲಿದೆ ಎಂಬಲ್ಲಿಗೆ ಬಂದು ನಿಲ್ಲುತ್ತವೆ.

ದೂರು ಹೀಗಿದೆ. ಬಿಲ್ಲಿನ ಬಲ ಅದರ ದಪ್ಪದಲ್ಲಿದೆ. ತೋಡಿ ತೆಗೆದ ಪ್ರತಿ ಸಿಬಿರೂ ಕಳೆದುಕೊಂಡ ಬಲ. ಮರ ಎಳೆತವನ್ನು ತಾಳಿದಷ್ಟು ಒತ್ತಡವನ್ನು ತಾಳದು, ಹಾಗಾಗಿ ಹೊಟ್ಟೆಯ ಕಡೆ ಮರ ಹೆಚ್ಚಿರಬೇಕು. ಹಿಂದಿನವರು ಯಾರೂ ಹೀಗೆ ಕೆತ್ತಲಿಲ್ಲ. ಮರದ ಬಿಲ್ಲಿನ ತುತ್ತತುದಿ ಎಂದರೆ ಇಂಗ್ಲೆಂಡಿನ ಯೂ ಮರದ ಉದ್ದಬಿಲ್ಲು, ಅದರ ಹೊಟ್ಟೆ ದುಂಡಗೆ ತುಂಬಿಕೊಂಡಿತ್ತು. ಒಳ್ಳೆಯ ಬಿಲ್ಲು ಬೇಕಿದ್ದರೆ ಒಳ್ಳೆಯ ಮರದ ದೊಡ್ಡ ದಿಮ್ಮಿ ತರಬೇಕು, ಅದು ಸಿಗದವನು ಮಾಡಿಕೊಳ್ಳುವ ಬಡ ಉಪಾಯವೇ ಈ ತಗ್ಗು. ಈ ನಾಲ್ಕು ಮಾತುಗಳಲ್ಲಿ ಒಂದು ಅರ್ಧ ನಿಜ. ಉಳಿದ ಮೂರು ಅಳತೆಗೋಲಿನ ಮುಂದೆ ನಿಲ್ಲುವುದಿಲ್ಲ.

ಮೊದಲು ಉದ್ದಬಿಲ್ಲಿನ ಮಾತು, ಏಕೆಂದರೆ ಭಕ್ತಿಯ ಬೇರು ಅಲ್ಲಿದೆ. ಅದರ ಕೀರ್ತಿ ಸುಳ್ಳಲ್ಲ. 1346ರ ಕ್ರೆಸಿ ಕದನದಲ್ಲಿ, 1415ರ ಅಜಿನ್‌ಕೋರ್ಟ್‌ನಲ್ಲಿ ಫ್ರಾನ್ಸಿನ ಕುದುರೆ ಸವಾರರಿಗೆ ಅದು ಏನು ಮಾಡಿತೆಂಬುದು ಶಾಲೆಯ ಪಾಠಗಳಲ್ಲೂ ಇದೆ. 1545ರಲ್ಲಿ ಪೋರ್ಟ್ಸ್‌ಮೌತ್ ಬಳಿ ಮುಳುಗಿ, 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಹಡಗಿನ ಅವಶೇಷಗಳಲ್ಲಿ ಮುರಿಯದ 137 ಬಿಲ್ಲುಗಳೂ 3,500ಕ್ಕೂ ಹೆಚ್ಚು ಬಾಣಗಳೂ ಸಿಕ್ಕವು. ಆ ಬಿಲ್ಲುಗಳಲ್ಲಿ ಬಹುಪಾಲನ್ನು ಪೂರ್ತಿ ಎಳೆಯಲು 100 ಪೌಂಡಿಗೂ ಮಿಕ್ಕಿದ ಬಲ ಬೇಕಿತ್ತು ಎಂಬುದು ಅಂದಾಜು. ಹಡಗು ಮುಳುಗಿದ ವರ್ಷವೇ ರೋಜರ್ ಆಸ್ಕಮ್‌ನ ‘ಟಾಕ್ಸೊಫಿಲಸ್’ ಎಂಬ ಪುಸ್ತಕ ಹೊರಬಂತು. ಬಿಲ್ಲಿಗೆ ಯೂ ಮರವೇ ಮೇಲು, ಎಲ್ಮ್, ಆಶ್ ಮುಂತಾದವು ಅದರ ಕೆಳಗೆ ಎಂದು ಆತ ಬರೆದಿಟ್ಟ. ಆ ಒಂದು ತೀರ್ಪು ನಾಲ್ಕೂಮುಕ್ಕಾಲು ಶತಮಾನದಿಂದ ಬಾಯಿಂದ ಬಾಯಿಗೆ ಹರಿದು ಬರುತ್ತಿದೆ.

ಆಸ್ಕಮ್ ಬರೆಯುವ ಹೊತ್ತಿಗೆ ಇಂಗ್ಲೆಂಡಿನ ಕಾಡಿನಲ್ಲಿ ಬಿಲ್ಲಿಗಾಗುವ ಯೂ ಸಾಕಷ್ಟು ಇರಲೇ ಇಲ್ಲ ಎಂಬುದನ್ನು ಭಕ್ತರು ಅಷ್ಟಾಗಿ ಹೇಳುವುದಿಲ್ಲ. 1472ರ ಕಾನೂನೊಂದು ಇಂಗ್ಲೆಂಡಿಗೆ ಸರಕು ತರುವ ಹಡಗುಗಳು ಪ್ರತಿ ಟನ್ನಿಗೆ ನಾಲ್ಕು ಬಿಲ್ಲಿನ ಮರಪಟ್ಟಿ ತರಲೇಬೇಕೆಂದು ವಿಧಿಸಿತ್ತು. 16ನೇ ಶತಮಾನದಲ್ಲಿ ಬವೇರಿಯಾ, ಆಸ್ಟ್ರಿಯಾ ಕಡೆಯ ಯೂ ಕಾಡುಗಳೂ ಬರಿದಾಗುತ್ತ ಬಂದವು. ಅದೇ ಕಾಲದ ಇಂಗ್ಲಿಷ್ ಕಾನೂನು ಬಿಲ್ಲು ಮಾಡುವವರಿಗೆ ಇನ್ನೊಂದು ಕಟ್ಟಳೆ ಹಾಕಿತು: ಒಂದು ಯೂ ಬಿಲ್ಲು ಕೆತ್ತಿದರೆ ಅದರ ಜತೆಗೆ ಎಲ್ಮ್, ಆಶ್, ಹೇಜಲ್‌ನಂಥ ಅಗ್ಗದ ಮರಗಳಲ್ಲಿ ಹಲವು ಬಿಲ್ಲು ಕೆತ್ತಬೇಕು. ಊರಿನ ಸಾಮಾನ್ಯ ಹುಡುಗರು ಎಳೆದು ಪಳಗಬೇಕಾದದ್ದು ಈ ಬಿಲ್ಲುಗಳಲ್ಲಿ. ಇನ್ನೂ ಹಿಂದಕ್ಕೆ ಹೋದರೆ, 12ನೇ ಶತಮಾನದಲ್ಲಿ ವೇಲ್ಸ್ ಸುತ್ತಿದ ಜೆರಾಲ್ಡ್ ಎಂಬ ಪಾದ್ರಿ ಅಲ್ಲಿಯ ಗ್ವೆಂಟ್ ಸೀಮೆಯವರ ಬಿಲ್ಲು ನೋಡಿ ಬೆರಗಾದ. ಅವು ಕೊಂಬಿನವಲ್ಲ, ಯೂ ಮರದವೂ ಅಲ್ಲ. ಕಾಡು ಎಲ್ಮ್‌ನ, ನಯಮಾಡದ, ಒರಟೊರಟು ಬಿಲ್ಲುಗಳು. ಅಬರ್ಗವೆನ್ನಿ ಕೋಟೆಯ ಮುತ್ತಿಗೆಯಲ್ಲಿ ಅವುಗಳ ಬಾಣ ಅಂಗೈಯಗಲ ದಪ್ಪದ ಓಕ್ ಬಾಗಿಲನ್ನೇ ಹೊಕ್ಕಿತ್ತೆಂದು ಆತ ಬರೆದಿದ್ದಾನೆ. ಇಂಗ್ಲಿಷರು ಉದ್ದಬಿಲ್ಲಿನ ಹಿರಿಮೆ ಕಲಿತದ್ದೇ ವೇಲ್ಸಿನವರಿಂದ ಎಂದು ಹೇಳುವವರಿದ್ದಾರೆ. ಹಾಗಿದ್ದರೆ ಗುರುವಿನ ಬಿಲ್ಲೇ ಕೀಳುಮರದ್ದು.

ಆಕಾರದ ವಿಷಯದಲ್ಲೂ ಇದೇ ಕತೆ. ಡೆನ್ಮಾರ್ಕಿನ ಹೊಲ್ಮೆಗಾರ್ಡ್ ಜೌಗಿನಲ್ಲಿ 1944ರಲ್ಲಿ ಸಿಕ್ಕ ಎಲ್ಮ್ ಬಿಲ್ಲುಗಳು ಸುಮಾರು ಒಂಬತ್ತು ಸಾವಿರ ವರ್ಷ ಹಳೆಯವು. ತೋಳಿನ ಒಳಭಾಗ ಅಗಲ, ತುದಿ ಸಪೂರ. ಇಂಗ್ಲೆಂಡಿನದೇ ಸಾಮರ್ಸೆಟ್ ಸೀಮೆಯ ಮೀರ್ ಹೀತ್‌ನಲ್ಲಿ 1961ರಲ್ಲಿ ಕೆಸರಿನಿಂದ ತೆಗೆದ ಬಿಲ್ಲು ಯೂ ಮರದ್ದೇ. ಆದರೆ ಕ್ರಿ.ಪೂ. 2700ರ ಆಸುಪಾಸಿನ ಆ ಬಿಲ್ಲು ಮೇರಿ ರೋಸ್‌ನ ಬಿಲ್ಲಿನಂತೆ ದುಂಡಗಿಲ್ಲ, ಅಗಲವಾಗಿ ಚಪ್ಪಟೆಯಾಗಿದೆ. ಒಂದೇ ನಾಡು, ಒಂದೇ ಮರ, ಎರಡು ಆಕಾರ. ಸಾವಿರಗಟ್ಟಲೆ ಬಿಲ್ಲು ಬೇಕಾದ ಸೈನ್ಯಕ್ಕೆ ದಿಮ್ಮಿಯಿಂದ ಸೀಳಿದ ಕಿರಿದಾದ ಪಟ್ಟಿಗಳನ್ನು ಬೇಗ ಕೆತ್ತಿ ಮುಗಿಸುವ ಆಕಾರ ಬೇಕಿತ್ತು, ದುಂಡು ಹೊಟ್ಟೆ ಅದಕ್ಕೆ ಹೊಂದಿತು. ಅದನ್ನು ಮರದ ಸ್ವಭಾವವೇ ಬೇಡಿದ ಆಕಾರ ಎಂದು ಸಾರುವುದಕ್ಕೆ ಆಧಾರವಿಲ್ಲ.

ಈ ಭಕ್ತಿಗೆ ಮೊದಲ ಪೆಟ್ಟು ಬಿದ್ದದ್ದು 1930ರ ದಶಕದ ಅಮೆರಿಕದಲ್ಲಿ. ಬೆಲ್ ಪ್ರಯೋಗಾಲಯದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್, ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್, ಎಂಜಿನಿಯರ್ ಫಾರೆಸ್ಟ್ ನಾಗ್ಲರ್ ಬಿಲ್ಲನ್ನು ಯಂತ್ರದಂತೆ ಅಳೆಯಲು ಕೂತರು. ರಾಕೆಟ್‌ಗಳ ಮೇಲೂ ಕೆಲಸ ಮಾಡಿದ ಹಿಕ್‌ಮನ್‌ಗೆ ಬಿಲ್ಲು ಎಂದರೆ ಶಕ್ತಿ ಕೂಡಿಟ್ಟು ಬಿಡುವ ಸಾಧನ, ಅಷ್ಟೇ. ಅವರ ಬರಹಗಳನ್ನು 1947ರಲ್ಲಿ ಒಂದು ಪುಸ್ತಕವಾಗಿ ಕಟ್ಟಿದರು. ತೀರ್ಮಾನ ಸರಳವಾಗಿತ್ತು: ತುಂಬಿದ ದುಂಡು ಹೊಟ್ಟೆಗಿಂತ ಚಪ್ಪಟೆಯಾದ ಆಯತದ ತೋಳು ಒಳ್ಳೆಯದು. ಬಾಗಿದ ತೋಳಿನಲ್ಲಿ ಮರದ ಎಲ್ಲ ಎಳೆಗಳೂ ಸಮನಾಗಿ ದುಡಿಯುವುದಿಲ್ಲ, ಬೆನ್ನು ಹೊಟ್ಟೆಗಳ ಮೇಲ್ಪದರಗಳಷ್ಟೇ ಪೂರ್ತಿ ದುಡಿಯುತ್ತವೆ. ಎಲ್ಲ ಎಳೆಗಳೂ ಪೂರ್ತಿ ದುಡಿದರೆ ಹಿಡಿಯುವ ಶಕ್ತಿಗೆ ಹೋಲಿಸಿದರೆ ಆಯತದ ತೋಳು ಮೂರನೆಯ ಒಂದು ಪಾಲು ಹಿಡಿಯುತ್ತದೆ, ದುಂಡು ತೋಳು ನಾಲ್ಕನೆಯ ಒಂದು ಪಾಲು. ಕಾಲೇಜಿನಲ್ಲಿ ತೊಲೆಗಳ ಲೆಕ್ಕ ಮಾಡಿದವರು ಇದನ್ನು ಹತ್ತು ನಿಮಿಷದಲ್ಲಿ ತಾಳೆ ನೋಡಬಹುದು.

ಹಳೆಯ ಮಡಿ ಹೋಯಿತು, ಅದರ ಜಾಗದಲ್ಲಿ ಹೊಸದು ಬಂದು ಕೂತಿತು. ಈಗ ಆಯತವೇ ದೇವರು. ಅಗಲವಾದ ದಿಮ್ಮಿ, ಮೇಲಿನಿಂದ ಕೆಳಗಿನವರೆಗೆ ಒಂದೇ ವಾರ್ಷಿಕ ಉಂಗುರ ತುಂಡಾಗದೆ ಓಡುವ ಚಪ್ಪಟೆ ಬೆನ್ನು, ಹಲಗೆಯಂಥ ಹೊಟ್ಟೆ. ಇದು ಇಲ್ಲದ ಬಿಲ್ಲು ಬಿಲ್ಲೇ ಅಲ್ಲ ಎನ್ನುವವರ ಬಾಯಲ್ಲೇ ಟೊಳ್ಳು ಹೊಟ್ಟೆಯ ಮೇಲಿನ ಬೈಗುಳವೂ ಬರುತ್ತದೆ.

ಮರ, ಆಕಾರ ಎರಡರಲ್ಲೂ ಒಂದೇ ಸರಿದಾರಿ ಎಂಬುದು ನಮ್ಮ ಕಡೆಯವರು ಒಪ್ಪಿದ ಮಾತೂ ಅಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ಆಯುಧಾಗಾರದ ಅಧ್ಯಾಯದಲ್ಲಿ ಬಿಲ್ಲಿಗೆ ನಾಲ್ಕು ಬಗೆಯ ವಸ್ತುವನ್ನು ಹೇಳುತ್ತದೆ: ತಾಳೆ, ಬಿದಿರು, ಮರ, ಕೊಂಬು. ಈ ನಾಲ್ಕರಲ್ಲಿ ಮೊದಲೆರಡು ಹುಟ್ಟಿನಿಂದಲೇ ಟೊಳ್ಳು ಸ್ವಭಾವದವು. ಬಿದಿರಿನ ಒಳಗೆ ಗಾಳಿ, ಗಟ್ಟಿ ನಾರೆಲ್ಲ ಹೊರಸಿಪ್ಪೆಯ ಹತ್ತಿರ. ತಾಳೆಯ ಜಾತಿಯಲ್ಲಿ ಒಳಗೆ ಮೆತ್ತಗಿನ ತಿರುಳು, ಗಟ್ಟಿತನವೆಲ್ಲ ಸುತ್ತಿನ ಚಿಪ್ಪಿನಲ್ಲಿ. ಮಲೆನಾಡಿನಲ್ಲಿ ಅಡಿಕೆ ಮರ ಸೀಳಿ ತಿರುಳು ತೆಗೆದು ದಂಬೆ ಮಾಡಿ ನೀರು ಹರಿಸಿದವರಿಗೆ ಇದು ಗೊತ್ತು: ತಿರುಳು ಹೋದರೂ ದಂಬೆ ಎರಡು ಕವೆಗಳ ನಡುವೆ ನೀರಿನ ಭಾರ ಹೊತ್ತು ನಿಲ್ಲುತ್ತದೆ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಕ್ಸರ್ಕ್ಸಿಸನ ಸೈನ್ಯದಲ್ಲಿದ್ದ ಭಾರತೀಯರ ಕೈಯಲ್ಲಿ ಜೊಂಡು-ಬಿದಿರಿನ ಬಿಲ್ಲುಗಳಿದ್ದವೆಂದು ಹೆರೊಡೋಟಸ್ ದಾಖಲಿಸಿದ್ದಾನೆ. ಹಿಂದಿನವರು ಯಾರೂ ಟೊಳ್ಳನ್ನು ನಂಬಲಿಲ್ಲ ಎನ್ನುವಾಗ ಆ ‘ಹಿಂದಿನವರು’ ಯಾವ ಊರಿನವರು ಎಂದು ಕೇಳಬೇಕಾಗುತ್ತದೆ.

ಹಾಗೆಂದು ಬಿದಿರು ಟೊಳ್ಳಾಗಿದೆ, ಆದ್ದರಿಂದ ಎಲ್ಮ್ ಮರವನ್ನೂ ಟೊಳ್ಳು ಮಾಡಬಹುದು ಎಂದು ಹಾರುವುದು ತಪ್ಪು. ಮರದ ಲೆಕ್ಕ ಬೇರೆ. ಆ ಲೆಕ್ಕವನ್ನು ಕೈಯಲ್ಲಿ ಹಿಡಿದೇ ನೋಡೋಣ.

ಐದು ಸೆಂಟಿಮೀಟರ್ ದಪ್ಪದ ಒಂದು ಎಳೆಮರ. ತೊಗಟೆ ಸುಲಿದರೆ ಹೊರಗಿನ ಉಂಗುರ ಎಲ್ಲೂ ತುಂಡಾಗದೆ ಸಿಗುತ್ತದೆ. ಬೆನ್ನಿಗೆ ಇದಕ್ಕಿಂತ ಶುದ್ಧವಾದ ಮೈ ಇಲ್ಲ. ತೊಡಕಿರುವುದು ದುಂಡಿನಲ್ಲಿ. ಬೆನ್ನು ಕಮಾನಿನಂತೆ ಉಬ್ಬಿರುತ್ತದೆ. ನಾಲ್ಕೂವರೆ ಸೆಂ.ಮೀ. ಅಗಲ ಬಿಟ್ಟುಕೊಂಡು ಹೊಟ್ಟೆಯನ್ನು ಚಪ್ಪಟೆಯಾಗಿ ಕೆತ್ತಿದರೆ ನಡುವಿನಲ್ಲಿ 14 ಮಿ.ಮೀ. ದಪ್ಪ, ಅಂಚಿನಲ್ಲಿ ದಪ್ಪವೇ ಇಲ್ಲ. ತೋಳು ಬಿಗಿ ಎಂದು ಇನ್ನಷ್ಟು ಕೆತ್ತಿದಿರಿ ಎನ್ನಿ. ದಪ್ಪ 10 ಮಿ.ಮೀ.ಗೆ ಇಳಿದಾಗ ಅಗಲವೂ 4 ಸೆಂ.ಮೀ.ಗೆ ಇಳಿದಿರುತ್ತದೆ, 8 ಮಿ.ಮೀ.ಗೆ ಬಂದಾಗ ಅಗಲ ಮೂರೂಮುಕ್ಕಾಲು ಸೆಂ.ಮೀ.ಗಿಂತ ಕಡಿಮೆ. ಚಪ್ಪಟೆ ಹೊಟ್ಟೆಯ ಎಳೆಮರದಲ್ಲಿ ದಪ್ಪ, ಅಗಲ ಒಂದಕ್ಕೊಂದು ಗಂಟು ಬಿದ್ದಿರುತ್ತವೆ. ಒಂದನ್ನು ಮುಟ್ಟಿದರೆ ಇನ್ನೊಂದು ಹೋಗುತ್ತದೆ. ತಗ್ಗು ತೋಡುವುದು ಈ ಗಂಟನ್ನು ಬಿಡಿಸುತ್ತದೆ: ಅಂಚು ಅಲ್ಲೇ ಉಳಿಯುತ್ತದೆ, ಅಗಲ ಉಳಿಯುತ್ತದೆ, ನಡುವಿನ ಮರ ಮಾತ್ರ ಹೋಗುತ್ತದೆ.

ಅದೇ ನಾಲ್ಕೂವರೆ ಸೆಂ.ಮೀ. ತೋಳಿನಲ್ಲಿ, ಬೆನ್ನಿನ ಉಬ್ಬಿಗೆ ಸಮಾನಾಂತರವಾಗಿ ನಡುವಿನಲ್ಲಿ 6 ಮಿ.ಮೀ. ಆಳದ ತಗ್ಗು ತೋಡಿ, 8 ಮಿ.ಮೀ. ಗೋಡೆ ಉಳಿಸಿದರೆ ಹೋಗುವ ಮರ ಸುಮಾರು ಕಾಲುಪಾಲು. ಹೋಗುವ ಬಿಗಿ ಸುಮಾರು ಶೇ. 30. ಇನ್ನು ಅಷ್ಟೇ ಮರವನ್ನು ಹೊಟ್ಟೆಯುದ್ದಕ್ಕೂ ಸಮನಾಗಿ ಕೆತ್ತಿ ತೆಗೆದರೆ? ಅರ್ಧದಷ್ಟು ಬಿಗಿ ಹೋಗುತ್ತದೆ. ತೆಗೆದ ಮರವೆಲ್ಲ ಹೋದ ಬಲ ಎಂಬ ದೂರಿಗೆ ಇಷ್ಟು ಸಾಕು. ಎಲ್ಲಿಂದ ತೆಗೆದಿರಿ ಎಂಬುದರ ಮೇಲೆ ಬಲ ನಿಂತಿದೆ. ತಗ್ಗಿನ ತಳದಲ್ಲಿರುವ ಮರ ಆ ಹಿಗ್ಗದ, ಕುಗ್ಗದ ನಡುಪದರಕ್ಕೆ ಅಂಟಿಕೊಂಡೇ ಕೂತ ಮರ. ತೋಳಿನ ಭಾರಕ್ಕೆ ಅದರ ಪಾಲು ದೊಡ್ಡದು, ದುಡಿಮೆಗೆ ಅದರ ಪಾಲು ಸಣ್ಣದು. ಶಕ್ತಿ ಹಿಡಿಯುವ ಪಾಲನ್ನೂ ಲೆಕ್ಕ ಹಾಕಿದರೆ, ಉಬ್ಬು ಬೆನ್ನಿನ ಚಪ್ಪಟೆ ಹೊಟ್ಟೆಗೆ ಬರುವುದು ಸುಮಾರು ಐದನೆಯ ಒಂದು ಪಾಲು. ತಗ್ಗು ತೋಡಿದ ಅದೇ ತೋಳಿಗೆ ನಾಲ್ಕನೆಯ ಒಂದು ಪಾಲಿನ ಹತ್ತಿರ. ಹಲಗೆಯಂಥ ಆಯತದ ಮೂರನೆಯ ಒಂದು ಪಾಲಿಗೆ ಅದು ಸರಿಸಾಟಿಯಲ್ಲ, ಒಪ್ಪೋಣ. ಆದರೆ ಐದು ಸೆಂಟಿಮೀಟರಿನ ಎಳೆಮರದಿಂದ ಅಂಥ ಹಲಗೆ ತೆಗೆಯಬೇಕಾದರೆ ಉಬ್ಬಿದ ಬೆನ್ನನ್ನೇ ಕೆತ್ತಿ ಉಂಗುರಗಳನ್ನು ತುಂಡರಿಸಬೇಕು. ಹಾಗೆ ಮಾಡಿ ಬೆನ್ನು ಸಿಡಿಸಿಕೊಂಡವರು ಈ ಕಸುಬಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಈಗ ಆ ಅರ್ಧ ನಿಜಕ್ಕೆ ಬರಬೇಕು, ಏಕೆಂದರೆ ದೂರಿನಲ್ಲಿ ಹುರುಳಿರುವುದು ಅಲ್ಲಿ ಮಾತ್ರ. ಸ್ವಚ್ಛವಾದ ಮರ ತನ್ನ ಎಳೆಯ ಉದ್ದಕ್ಕೆ ಎಳೆತವನ್ನು ತಾಳುವಷ್ಟು ಒತ್ತಡವನ್ನು ತಾಳುವುದಿಲ್ಲ. ಎಷ್ಟೋ ಮರಗಳಲ್ಲಿ ಅಂತರ ಇಮ್ಮಡಿಯ ಹತ್ತಿರ. ಬಿಲ್ಲಿನ ಹೊಟ್ಟೆ ಸೋತಾಗ ಮೊದಲು ಬಿಲ್ಲು ಹೆದೆ ಇಳಿಸಿದ ಮೇಲೂ ಬಾಗಿಯೇ ಉಳಿಯುತ್ತದೆ, ಆಮೇಲೆ ಹೊಟ್ಟೆಗೆ ಅಡ್ಡಲಾಗಿ ಕೂದಲೆಳೆಯಂಥ ಸುಕ್ಕುಗಳು ಕಾಣಿಸುತ್ತವೆ. ತಗ್ಗು ತೋಡಿದಾಗ ನಡುಪದರ ಬೆನ್ನಿನ ಕಡೆಗೆ ಜರುಗುತ್ತದೆ. ಮೇಲಿನ ತೋಳಿನಲ್ಲೇ ನೋಡಿ: ಚಪ್ಪಟೆ ಹೊಟ್ಟೆಯಿದ್ದಾಗ ನಡುಪದರದಿಂದ ಬೆನ್ನಿನ ನೆತ್ತಿಗೆ 8.3 ಮಿ.ಮೀ., ಹೊಟ್ಟೆಗೆ 5.8. ತೋಡಿದ ಮೇಲೆ ಬೆನ್ನಿಗೆ 7.2, ಹೊಟ್ಟೆಯ ಅಂಚಿಗೆ 6.9. ದೂರ ಹೆಚ್ಚಿದಷ್ಟೂ ಹಿಗ್ಗು, ಕುಗ್ಗು ಹೆಚ್ಚು. ಬೆನ್ನಿನ ಹೊರೆ ಇಳಿಯಿತು, ಹೊಟ್ಟೆಯ ಅಂಚುಗಳ ಹೊರೆ ಏರಿತು. ದೂರುಗಾರರು ಹೇಳುವುದೂ ಇದನ್ನೇ.

ಅವರು ಅಲ್ಲಿಗೆ ನಿಲ್ಲಿಸಿ ತೀರ್ಪು ಕೊಟ್ಟುಬಿಡುತ್ತಾರೆ, ತಪ್ಪಿರುವುದು ಅಲ್ಲಿ. ಎಲ್ಲ ಮರದ ಹೊಟ್ಟೆಯೂ ಒಂದೇ ಬಲದ್ದಲ್ಲ, ಎಲ್ಲ ಮರದ ಬೆನ್ನೂ ಒಂದೇ ಧೈರ್ಯದ್ದಲ್ಲ. ಆಶ್, ಹಿಕರಿ ಮರಗಳ ಬೆನ್ನು ಗಟ್ಟಿ, ಹೊಟ್ಟೆ ಮೆದು. ಅವುಗಳಿಗೆ ತಗ್ಗು ತೋಡುವುದು ಶುದ್ಧ ಮೂರ್ಖತನ. ಅಗಲವಾದ ಚಪ್ಪಟೆ ಹೊಟ್ಟೆಯೇ ಸರಿ. ಜುನಿಪರ್ ಇದಕ್ಕೆ ತದ್ವಿರುದ್ಧ, ಒತ್ತಡವನ್ನು ನುಂಗಿಕೊಳ್ಳುತ್ತದೆ, ಎಳೆತಕ್ಕೆ ಅಂಜುತ್ತದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಬಳಿ ಕಾಡಿನಿಂದ ಒಬ್ಬಂಟಿಯಾಗಿ ಹೊರಬಂದ ಯಾಹಿ ಬುಡಕಟ್ಟಿನ ಇಶಿ ಜುನಿಪರ್ ಬಿಲ್ಲಿನ ಬೆನ್ನಿಗೆ ಜಿಂಕೆಯ ಸ್ನಾಯುವಿನ ಎಳೆಗಳನ್ನು ಅಂಟಿಸುತ್ತಿದ್ದ. ಅವನಿಂದ ಬಿಲ್ಲುವಿದ್ಯೆ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ 1923ರಲ್ಲಿ ಬರೆದ ಪುಸ್ತಕದಿಂದಲೇ ಅಮೆರಿಕದಲ್ಲಿ ಮರದ ಬಿಲ್ಲಿನ ಹೊಸ ಹುಚ್ಚು ಹಬ್ಬಿತು. ಸ್ನಾಯು ಅಂಟಿಸುವುದು ಅಂಜುವ ಬೆನ್ನಿಗೆ ಹೊರಗಿನಿಂದ ಬಲ ಕೊಡುವ ದಾರಿ. ಆ ಬೆನ್ನಿನ ಹೊರೆಯನ್ನೇ ಇಳಿಸುವುದು ಇನ್ನೊಂದು ದಾರಿ, ತಗ್ಗು ಮಾಡುವುದು ಅದನ್ನು. ಇಶಿಯ ಸ್ನಾಯುವನ್ನು ಜಾಣತನ ಎಂದು ಕೊಂಡಾಡಿ, ಇದನ್ನು ಕಳ್ಳಮಾರ್ಗ ಎನ್ನುವುದಕ್ಕೆ ಕಾರಣ ಕೊಡಬೇಕು.

ದೂರುಗಾರರು ಎತ್ತದ, ಆದರೆ ಎತ್ತಬೇಕಾಗಿದ್ದ ಎರಡು ಆಕ್ಷೇಪಗಳು ಬೇರೆಯೇ ಇವೆ. ಟೊಳ್ಳು ತೋಳು ಬಾಗಿದಂತೆ ಅದರ ತಗ್ಗು ಸ್ವಲ್ಪ ಸ್ವಲ್ಪವೇ ಅಗಲಿಸಿಕೊಳ್ಳುತ್ತದೆ, ಬಡಗಿಯ ಜೇಬಿನಲ್ಲಿರುವ ಸ್ಟೀಲ್ ಟೇಪನ್ನು ಬಗ್ಗಿಸಿದಾಗ ಅದರ ಕುಳಿ ಚಪ್ಪಟೆಯಾಗುವಂತೆ. ಮರದ ಗೋಡೆ ದಪ್ಪವಾದ್ದರಿಂದ ಇದು ಅಳತೆಯಲ್ಲಿ ಕಡಿಮೆ. ಆದರೂ ಆಗುವಷ್ಟು ಆದಾಗ ತಗ್ಗಿನ ತಳ ಅಡ್ಡಡ್ಡಲಾಗಿ ಎಳೆಯಲ್ಪಡುತ್ತದೆ, ಮರ ಅತಿ ದುರ್ಬಲವಾಗಿರುವುದೂ ಆ ದಿಕ್ಕಿನಲ್ಲೇ. ಹಾಗಾಗಿ ಟೊಳ್ಳು ಬಿಲ್ಲು ತಳದಲ್ಲಿ ಉದ್ದಕ್ಕೆ ಬಿರುಕು ಬಿಟ್ಟೀತು. ಎರಡನೆಯದು ತಿರುಚು. ಕುಳಿಯಿರುವ ಪಟ್ಟಿಯನ್ನು ಕುಳಿ ಒಳಗೆ ಬರುವಂತೆ ಬಗ್ಗಿಸಿದರೆ ಅದರ ಅಂಚುಗಳು ಒತ್ತಡಕ್ಕೆ ಸಿಕ್ಕು ಪಕ್ಕಕ್ಕೆ ಜಾರಲು ನೋಡುತ್ತವೆ. ಬಿಲ್ಲು ಬಗ್ಗುವುದು ಸರಿಯಾಗಿ ಆ ದಿಕ್ಕಿನಲ್ಲೇ. ಒಂದು ಅಂಚು ಇನ್ನೊಂದಕ್ಕಿಂತ ಅರ್ಧ ಮಿಲಿಮೀಟರ್ ಎತ್ತರವಿದ್ದರೂ ತೋಳು ಓರೆಯಾಗುತ್ತದೆ. ಈ ಎರಡು ಅಪಾಯಗಳನ್ನು ಮುಂದಿಟ್ಟು ವಾದಿಸಿದ್ದರೆ ಆ ಬಳಗದ ಮಾತಿಗೆ ತೂಕವಿರುತ್ತಿತ್ತು. ಬಿರುಕಿಗೆ ಮದ್ದು ಮರದ ಆಯ್ಕೆ. ಎಲ್ಮ್‌ನ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅದನ್ನು ಕೊಡಲಿಯಿಂದ ಸೀಳುವುದೇ ಕಷ್ಟ. ತಿರುಚಿಗೆ ಮದ್ದು ಕೈ.

ಆ ಕೈಯ ಕೆಲಸಕ್ಕೆ ಬಿಲ್ಲುಗಾರರು ಟಿಲ್ಲರಿಂಗ್ ಎನ್ನುತ್ತಾರೆ, ಬಾಗನ್ನು ತಿದ್ದುವ ಕೆಲಸ. ಬಿಲ್ಲು ಮಾಡುವುದರಲ್ಲಿ ಕೆತ್ತನೆಗಿಂತ ಇದೇ ದೊಡ್ಡದು. ಟೊಳ್ಳು ಬಿಲ್ಲು ಮುರಿಯಿತು ಎಂಬ ದೂರುಗಳ ಮೂಲ ಎಷ್ಟೋ ಸಲ ತಗ್ಗಿನಲ್ಲಿರುವುದಿಲ್ಲ, ಇಲ್ಲಿರುತ್ತದೆ. ಗೋಡೆಗೋ ಕಂಬಕ್ಕೋ ಬಡಿದ ಗೂಟದ ಮೇಲೆ ಬಿಲ್ಲಿನ ಹಿಡಿಯನ್ನು ಕೂರಿಸಿ, ಹೆದೆಗೆ ಹಗ್ಗ ಕಟ್ಟಿ, ರಾಟೆಯ ಮೂಲಕ ಕೆಳಕ್ಕೆ ಎಳೆದು, ದೂರ ನಿಂತು ಎರಡು ತೋಳುಗಳ ಕಮಾನನ್ನು ನೋಡಬೇಕು. ಎಲ್ಲಿ ಬಾಗುತ್ತಿಲ್ಲವೋ ಅಲ್ಲಿಗೆ ಸೀಸದಕಡ್ಡಿಯ ಗುರುತು. ಗುರುತಿದ್ದಲ್ಲಿ ಮಾತ್ರ, ಹೊಟ್ಟೆಯ ಕಡೆಯಿಂದ ಮಾತ್ರ, ನಾಲ್ಕು ಸಲ ಕೆರೆದು ಮತ್ತೆ ಗೂಟಕ್ಕೆ. ಎಲ್ಲಿ ಹೆಚ್ಚು ಬಾಗುತ್ತಿದೆಯೋ ಆ ಜಾಗವನ್ನು ಮುಟ್ಟುವಂತಿಲ್ಲ. ಪ್ರತಿ ಕೆರೆತದ ನಂತರ ಬಿಲ್ಲನ್ನು ಹಲವು ಸಲ ಮೆಲ್ಲನೆ ಎಳೆದು ಬಿಡಬೇಕು, ಏಕೆಂದರೆ ಮರ ಆದ ಬದಲಾವಣೆಯನ್ನು ತಡವಾಗಿ ಒಪ್ಪಿಕೊಳ್ಳುತ್ತದೆ. ಚಪ್ಪಟೆ ತೋಳಿನಲ್ಲಿ ಬಿಗಿ ಅಗಲಕ್ಕೆ ತಕ್ಕಂತೆ ನೇರವಾಗಿ, ದಪ್ಪಕ್ಕೆ ತಕ್ಕಂತೆ ಘನದಲ್ಲಿ ಏರಿಳಿಯುತ್ತದೆ. ಅಂದರೆ ದಪ್ಪದ ಹತ್ತನೆಯ ಒಂದು ಪಾಲು ಕೆರೆದರೆ ಬಿಗಿಯ ಕಾಲುಪಾಲಿಗೂ ಹೆಚ್ಚು ಹೋಗಿರುತ್ತದೆ. ಹತ್ತು ಮಿಲಿಮೀಟರಿನ ತೋಳಿನಲ್ಲಿ ಆ ಹತ್ತನೆಯ ಪಾಲು ಒಂದೇ ಮಿಲಿಮೀಟರು.

ಟೊಳ್ಳು ತೋಳಿನಲ್ಲಿ ಕೆಲಸದ ಕ್ರಮವೇ ಬೇರೆ. ಚಪ್ಪಟೆ ಬಿಲ್ಲಿನ ಅಭ್ಯಾಸದ ಕೈ ಇಲ್ಲಿ ಮೋಸಹೋಗುತ್ತದೆ. ಬಿಗಿಯಾದ ಜಾಗ ಕಂಡ ಕೂಡಲೇ ಅಂಥ ಕೈ ತಗ್ಗಿನ ತಳವನ್ನು ಇನ್ನಷ್ಟು ತೋಡುತ್ತದೆ. ಅಲ್ಲಿಯ ಮರ ದುಡಿಯದ ಮರ, ತೋಡಿದರೂ ಬಾಗು ಅಷ್ಟಾಗಿ ಬದಲಾಗದು. ಬದಲಾಗಲಿಲ್ಲವೆಂದು ಇನ್ನೂ ತೋಡಿ, ಗೋಡೆ ತೆಳ್ಳಗಾಗಿ, ಒಂದು ದಿನ ತೋಳು ಉದ್ದಕ್ಕೆ ಸೀಳುತ್ತದೆ. ಬಾಗನ್ನು ನಿಜವಾಗಿ ಆಳುವುದು ಎರಡು ಅಂಚುಗಳು. ಅವು ನಡುಪದರದಿಂದ ದೂರದಲ್ಲಿವೆ. ಅಲ್ಲಿ ಕೀಸಿದ ಒಂದು ಸುರುಳಿ ತಳದಲ್ಲಿ ಕೀಸಿದ ನಾಲ್ಕು ಸುರುಳಿಗಿಂತ ಹೆಚ್ಚು ಮಾತಾಡುತ್ತದೆ. ಆದ್ದರಿಂದ ಬಾಯಿ ಬಾಗಿದ ಉಳಿಯಿಂದ ತಗ್ಗನ್ನು ಮೊದಲೇ ಒಂದು ಆಳಕ್ಕೆ ತೋಡಿ ನಿಲ್ಲಿಸಬೇಕು. ಹಿಡಿಯ ಹತ್ತಿರವೂ ಕೊಪ್ಪಿನ ಕಡೆಗೂ ತಗ್ಗು ಮೆಲ್ಲನೆ ಮೇಲೇರಿ ಮುಗಿಯಬೇಕು, ಮೆಟ್ಟಿಲಿನಂತೆ ನಿಂತರೆ ಒತ್ತಡವೆಲ್ಲ ಆ ಮೂಲೆಗೆ ಬರುತ್ತದೆ. ಆಮೇಲಿನ ತಿದ್ದುವಿಕೆಯೆಲ್ಲ ಅಂಚುಗಳ ಮೇಲೆ: ಚಾಕುವಿನ ಅಲಗು, ಇಲ್ಲವೇ ನಮ್ಮ ಬಡಗಿಗಳು ಬಳಸುವ ಒಡೆದ ಗಾಜಿನ ಚೂರು. ಅಂಚು ಚೂಪಾಗಿ ಉಳಿಯಕೂಡದು, ಅಲ್ಲೇ ಮೊದಲ ಸುಕ್ಕು ಬೀಳುತ್ತದೆ. ಬೆರಳಿಗೆ ದುಂಡಗೆ ತಾಕುವಷ್ಟು ಉರುಟಾಗಿರಬೇಕು. ಎರಡು ಅಂಚುಗಳ ಎತ್ತರವನ್ನು ಕಣ್ಣಂದಾಜಿಗೆ ಬಿಡದೆ, ಉದ್ದಕ್ಕೂ ಅಂಗುಲ ಅಂಗುಲಕ್ಕೆ ಅಳೆದು ಬರೆದುಕೊಳ್ಳಬೇಕು. ತೋಳು ಒಂದು ಪಕ್ಕಕ್ಕೆ ಓಲುತ್ತಿದೆ ಎಂದರೆ ಅದು ಬಿಗಿಯಾದ ಪಕ್ಕದಿಂದ ಮೆದು ಪಕ್ಕಕ್ಕೆ ಓಲುತ್ತಿದೆ, ಕೀಸಬೇಕಾದ್ದು ಬಿಗಿಯಾದ ಪಕ್ಕವನ್ನು. ಗಂಟು ಬಂದಲ್ಲಿ ತಗ್ಗಿನ ಆಳ ಕಡಿಮೆ ಮಾಡಬೇಕು. ಇಷ್ಟೆಲ್ಲ ತಾಳ್ಮೆಯಿಲ್ಲದವರು ಮುರಿದುಕೊಂಡ ತೋಳುಗಳನ್ನು ಈ ವಿಧಾನದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಚಪ್ಪಟೆ ಬಿಲ್ಲುಗಳೂ ಟಿಲ್ಲರ್ ಗೂಟದ ಮೇಲೆ ದಿನವೂ ಮುರಿಯುತ್ತಿವೆ, ಆಗ ಯಾರೂ ಚಪ್ಪಟೆತನವನ್ನು ದೂರುವುದಿಲ್ಲ.

ಉಳಿದದ್ದು ದೊಡ್ಡ ದಿಮ್ಮಿಯ ಮಾತು. ಯೂ ನಿಧಾನವಾಗಿ ಬೆಳೆಯುವ ಮರ, ಬಿಲ್ಲಿಗಾಗುವಷ್ಟು ನೆಟ್ಟಗಿನ, ಗಂಟಿಲ್ಲದ ಕಾಂಡಕ್ಕೆ ತಲೆಮಾರುಗಳೇ ಬೇಕು. ಹೇಜಲ್‌ನಂಥ ಗಿಡವನ್ನು ಬುಡದಲ್ಲಿ ಕಡಿದರೆ ಅದೇ ಬುಡದಿಂದ ಹತ್ತಾರು ಚಿಗುರುಗಳು ನೆಟ್ಟಗೆ ಏಳುತ್ತವೆ, ಕೆಲವೇ ವರ್ಷಗಳಲ್ಲಿ ಮಣಿಕಟ್ಟಿನ ದಪ್ಪಕ್ಕೆ ಬರುತ್ತವೆ. ಯುರೋಪಿನ ಹಳ್ಳಿಗಳು ಬೇಲಿಗೂ ಬುಟ್ಟಿಗೂ ಶತಮಾನಗಳ ಕಾಲ ಹೀಗೆಯೇ ಮರ ಬೆಳೆದುಕೊಂಡವು. ಕಾಡು ಕಡಿದು ಸೈನ್ಯಕ್ಕೆ ಬಿಲ್ಲು ಒದಗಿಸಬೇಕಾದ ರಾಜ ಈಗ ಯಾರೂ ಇಲ್ಲ. ಹವ್ಯಾಸಕ್ಕಾಗಿ ಒಂದು ಬಿಲ್ಲು ಬೇಕಿರುವವನು ಒಂದು ಚಿಗುರು ಕಡಿದರೆ ಸಾಕಾಗುವಾಗ, ಅವನಿಗೆ ಒಂದು ಇಡೀ ಮರವನ್ನೇ ಬೀಳಿಸು ಎಂದು ಹೇಳುವುದು ಯಾವ ಶಾಸ್ತ್ರ? ಆಲ್ಪ್ಸ್‌ನ ಹಿಮದಲ್ಲಿ 1991ರಲ್ಲಿ ಸಿಕ್ಕ, ಐದು ಸಾವಿರ ವರ್ಷಗಳಿಗೂ ಹಿಂದಿನ ಊಟ್ಸಿ ಎಂಬವನ ಪಕ್ಕದಲ್ಲಿ 1.82 ಮೀಟರ್ ಉದ್ದದ ಯೂ ಬಿಲ್ಲಿತ್ತು, ಇನ್ನೂ ಮುಗಿಯದ್ದು, ಮೈಮೇಲೆ ಕೊಡಲಿಯ ಗುರುತುಗಳು ಹಾಗೇ ಇದ್ದವು. ಬತ್ತಳಿಕೆಯಲ್ಲಿದ್ದ 14 ಬಾಣಗಳಲ್ಲಿ ಮುಗಿದವು ಎರಡೇ. ಅವನು ಯೂ ಕಡಿದದ್ದು ಆ ಬೆಟ್ಟದ ಸೀಮೆಯಲ್ಲಿ ಅದು ಬೆಳೆಯುತ್ತಿದ್ದುದರಿಂದ. ಯೂ ಬೆಳೆಯದ ಊರಿನವರು ಅವನಿಂದ ಕಲಿಯುವುದಾದರೆ ತಮ್ಮ ಬೇಲಿಯ ಕಡೆ ನೋಡಬೇಕು.

ಇಷ್ಟಾದ ಮೇಲೂ ಲೆಕ್ಕವನ್ನು ನಂಬದವರಿಗೆ ಪರೀಕ್ಷೆ ಇದೆ, ಖರ್ಚೂ ಹೆಚ್ಚಿಲ್ಲ. ಒಂದೇ ಎಳೆಮರವನ್ನು ನಡುವೆ ಸೀಳಿ ಎರಡು ಹೋಳು ಮಾಡಬೇಕು. ವಾಲಿ ಬೆಳೆದ ಕಾಂಡ ಬೇಡ, ಅದರ ಮೇಲ್ಮಗ್ಗುಲಿನ ಮರದ ಗುಣವೇ ಬೇರೆ. ಒಂದು ಹೋಳಿಗೆ ಚಪ್ಪಟೆ ಹೊಟ್ಟೆ, ಇನ್ನೊಂದಕ್ಕೆ ಟೊಳ್ಳು. ಉದ್ದ, ಎಳೆಭಾರ (ಪೂರ್ತಿ ಎಳೆಯಲು ಬೇಕಾದ ಬಲ), ಎಳೆಯುವ ದೂರ ಮೂರೂ ಒಂದೇ. ಬಾಣದ ತೂಕ ಬಿಲ್ಲುಗಾರರಲ್ಲಿ ರೂಢಿಯಿರುವಂತೆ ಎಳೆಭಾರದ ಪ್ರತಿ ಪೌಂಡಿಗೆ ಹತ್ತು ಗ್ರೇನ್. ಎರಡರಿಂದಲೂ ನೂರಾರು ಬಾಣ ಬಿಟ್ಟು, ಬಾಣದ ವೇಗ ಅಳೆದು, ಹೊಟ್ಟೆಯ ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಹೆದೆ ಇಳಿಸಿದ ಮೇಲೆ ತೋಳು ಎಷ್ಟು ಬಾಗಿ ಉಳಿದಿದೆ ಎಂದು ಗುರುತು ಹಾಕಿಕೊಳ್ಳಬೇಕು. ಈ ಕೊನೆಯ ಅಳತೆಯನ್ನು ಹೆದೆ ಇಳಿಸಿದ ತಕ್ಷಣ ಒಮ್ಮೆ, ಮರುದಿನ ಇನ್ನೊಮ್ಮೆ ತೆಗೆಯಬೇಕು. ಒಂದು ರಾತ್ರಿ ವಿರಮಿಸಿದ ಬಿಲ್ಲು ಉಳಿದ ಬಾಗಿನಲ್ಲಿ ಒಂದಿಷ್ಟನ್ನು ತಾನೇ ಬಿಚ್ಚಿಕೊಂಡಿರುತ್ತದೆ, ಬರೀ ಮರುದಿನದ ಅಳತೆ ಹಿಡಿದರೆ ಎರಡು ಹೋಳುಗಳೂ ಇರುವುದಕ್ಕಿಂತ ಒಳ್ಳೆಯವಾಗಿ ಕಾಣುತ್ತವೆ.